ಸೂರ್ ದಾರಿಯಲ್ಲಿ ಸ್ಪೆಲಿಂಗಿನ ಮಾತು

ಬೆಂಗಳೂರಿನಿಂದ ಮಸ್ಕತ್ತಿಗೆ ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಕೆಳಗೆ ಬಹುಪಾಲು ಸಮುದ್ರವೇ ಆದ್ದರಿಂದ ನೋಡಲು ಹೆಚ್ಚೇನೂ ಇರಲಿಲ್ಲ. ಇಳಿಯುವ ಹೊತ್ತಿಗೆ ಕಂದು ಬಣ್ಣದ ಬೋಳು ಬೆಟ್ಟಗಳು ಕಾಣಿಸಿಕೊಂಡವು. ಅವುಗಳ ಬುಡದಲ್ಲಿ ಬಿಳಿಯ ಊರು. ಕೈಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ. ಮಾರ್ಚ್ ತಿಂಗಳ ಕೊನೆ, ರಂಜಾನ್ ಮುಗಿದು ಒಂದು ವಾರವಾಗಿತ್ತು. ಬಿಸಿಲು ಇನ್ನೂ ಸಹಿಸಬಹುದಾದಷ್ಟೇ ಇತ್ತು.

ತಮ್ಮ ಗಿರೀಶ ಕಾರು ತಂದಿದ್ದ. ಅವನು ಖುರುಮ್‌ನಲ್ಲಿರುವ ಕಟ್ಟಡ ಕಂಪನಿಯೊಂದರ ಕಚೇರಿಯಲ್ಲಿ ಎಂಜಿನಿಯರ್. ಮನೆ ಅಲ್ ಅಜೈಬಾದಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರ. ಹೆದ್ದಾರಿಗೆ ಬಂದ ಮೇಲೆ ಅವನ ಬಡಾವಣೆಯ ಹೆಸರನ್ನು ಫಲಕಗಳಲ್ಲಿ ಹುಡುಕಿದೆ. ಎಲ್ಲ ಫಲಕಗಳಲ್ಲೂ ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ಒಂದರಲ್ಲಿ ಅಜೈಬಾ ಎಂದಿತ್ತು. ಮುಂದಿನದರಲ್ಲಿ ಉಧೈಬಾ. ತಿರುವಿನ ಬಳಿಯ ಅಂಗಡಿಯ ಬೋರ್ಡಿನಲ್ಲಿ ಅಥೈಬಾ.

“ಇವೆಲ್ಲ ಬೇರೆ ಬೇರೆ ಜಾಗಾನಾ?” ಎಂದು ಕೇಳಿದೆ.

“ಎಲ್ಲಾ ಒಂದೇ ಅಕ್ಕ. ಅರಬ್ಬಿಯಲ್ಲಿ ಒಂದೇ ಥರ ಬರೀತಾರೆ. ಇಂಗ್ಲಿಷಲ್ಲಿ ಬರೆಯೋರು ಅವರವರ ಕಿವಿಗೆ ಕೇಳಿಸಿದ ಹಾಗೆ ಬರೀತಾರೆ. ಸ್ವಲ್ಪ ದಿನಕ್ಕೆ ಅಭ್ಯಾಸ ಆಗಿಬಿಡುತ್ತೆ.”

ನಾನು ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎಂ.ಎ. ತರಗತಿಗೆ ಆ ಭಾಷೆಯ ಚರಿತ್ರೆಯ ಪತ್ರಿಕೆ ನನ್ನದು. ಅಚ್ಚುಯಂತ್ರ ಬರುವ ಮೊದಲು ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು, ಒಂದೇ ಪದವನ್ನು ಒಂದೊಂದು ಸೀಮೆಯವರು ಒಂದೊಂದು ರೀತಿ ಬರೆಯುತ್ತಿದ್ದರು ಎಂದು ಪ್ರತಿ ವರ್ಷ ಹೇಳುತ್ತೇನೆ. ಅಂಥದ್ದನ್ನು ಕಣ್ಣಾರೆ ನೋಡಿದ್ದು ಆವತ್ತೇ ಮೊದಲು.

ಆದರೆ ಬಂದ ಕೆಲಸ ಬೇರೆ ಇತ್ತು. ಗಿರೀಶನಿಗೆ ಒಬ್ಬಳೇ ಮಗಳು, ಅನಘಾ. ಎಂಟನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದಳು. ಮಾತಿನಲ್ಲಿ ಚುರುಕು, ಈಜುವುದರಲ್ಲಿ ಶಾಲೆಗೇ ಹೆಸರು. ಬರೆಯಲು ಕೂತರೆ ಮಾತ್ರ ಕೈ ನಡೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಂಕ ಇಳಿಯುತ್ತಲೇ ಹೋಗಿತ್ತು. “ಇಲ್ಲಿ ನನಗೆ ಟೈಮ್ ಇಲ್ಲ. ನೀನು ಇಂಗ್ಲಿಷ್ ಮೇಡಂ. ಒಂಬತ್ತು, ಹತ್ತು ನಿನ್ನ ಹತ್ರಾನೇ ಓದಲಿ” ಎಂದು ಗಿರೀಶ ಫೋನಿನಲ್ಲಿ ಹೇಳಿದ್ದ. ನಾನು ಕೂಡಲೇ ಒಪ್ಪಿದ್ದೆ. ಸರಸ್ವತಿಪುರಂನ ಮನೆಯಲ್ಲಿ ನಾನೊಬ್ಬಳೇ. ಮಹಡಿಯ ಕೋಣೆಗೆ ಬಣ್ಣ ಹೊಡೆಸಿ, ಕಿಟಕಿಯ ಪಕ್ಕ ಮೇಜು ಹಾಕಿಸಿದ್ದೆ. ವಾಪಸು ಟಿಕೆಟ್ ಇಬ್ಬರ ಹೆಸರಿನಲ್ಲೂ ಆಗಿತ್ತು.

“ಅವಳಿಗೆ ಹೇಳಿದೀಯಾ?” ಎಂದು ಕಾರಿನಲ್ಲೇ ಕೇಳಿದೆ.

“ಇನ್ನೂ ಇಲ್ಲ. ವೀಕೆಂಡ್ ಎಲ್ಲರೂ ಸೂರ್‌ಗೆ ಹೋಗಿ ಬರೋಣ. ಖುಷಿಯಾಗಿರೋವಾಗ ಹೇಳ್ತೀನಿ.”

ಮನೆಯಲ್ಲಿ ಗಿರೀಶನ ಹೆಂಡತಿ ವಿದ್ಯಾ ಜೋಳದ ರೊಟ್ಟಿ, ಎಣಗಾಯಿ ಮಾಡಿ ಕಾಯುತ್ತಿದ್ದಳು. ಅವಳ ತವರು ಬಾಗಲಕೋಟೆ. ಇಷ್ಟು ವರ್ಷ ಮಸ್ಕತ್ತಿನಲ್ಲಿದ್ದರೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಗಿರೀಶ ಮೈಸೂರಿನ ಕನ್ನಡದಲ್ಲಿ ಕೇಳಿದರೆ ಅವಳು ತನ್ನ ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ಮಗಳು ಇಬ್ಬರಿಗೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನ್ನ ಜೊತೆ ಮಾತ್ರ ಪ್ರಯತ್ನಪಟ್ಟು ಕನ್ನಡ ಆಡಿದಳು, ಅಪ್ಪನ ಕನ್ನಡವೇ ಹೆಚ್ಚು, ಅಲ್ಲಲ್ಲಿ ಅಮ್ಮನದು ಬೆರೆತದ್ದು.

ಊಟದ ನಂತರ ಗಿರೀಶ ಅವಳ ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು ನನ್ನ ಮುಂದಿಟ್ಟ. ಕೆಂಪು ಗೆರೆ ಇಲ್ಲದ ಸಾಲೇ ಇರಲಿಲ್ಲ. ಫ್ರೆಂಡ್ ಪದದಲ್ಲಿ ಐ ಇಲ್ಲ. ಪೀಪಲ್ ಪದದಲ್ಲಿ ಓ ಇಲ್ಲ. ನೈಟ್ ಎನ್ನುವುದನ್ನು ಎನ್-ಐ-ಟಿ-ಇ ಎಂದು ಬರೆದಿದ್ದಳು. ಎಲ್ಲವೂ ಕಿವಿಗೆ ಕೇಳಿಸುವಂತೆ ಇದ್ದವು. ಆ ಹಾಳೆಗಳಲ್ಲಿ ಇನ್ನೊಂದು ಸಂಗತಿಯೂ ನನಗೆ ಕಂಡಿತು. ಮೊದಲಿನ ಪತ್ರಿಕೆಗಳಲ್ಲಿ ಪ್ರಬಂಧ ಎರಡು ಪುಟ ಇದ್ದರೆ ಕೊನೆಯದರಲ್ಲಿ ಕೆಲವೇ ಸಾಲು, ಅದೂ ಮೂರು ನಾಲ್ಕು ಅಕ್ಷರಗಳ ಪದಗಳು. ಯಾಕೆಂದು ಆಗ ಹೊಳೆಯಲಿಲ್ಲ. ಅನಘಾ ಎದುರಿನ ಸೋಫಾದಲ್ಲಿ ಫೋನು ನೋಡುವಂತೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಗುರುವಾರ. ಗಿರೀಶ ಕಚೇರಿ ಮುಗಿಸಿಕೊಂಡು ಬಂದು ನಮ್ಮನ್ನು ವಾದಿ ಅದಾಯ್ ಕಡೆಗೆ ಕರೆದೊಯ್ದ. ವಾದಿ ಎಂದರೆ ಒಣ ಹೊಳೆಯ ಕಣಿವೆ. ಅಲ್ಲಿ ಗ್ಯಾರೇಜುಗಳ ಸಾಲೇ ಇದೆ. ಪಾಕಿಸ್ತಾನಿ ಮೆಕ್ಯಾನಿಕ್ ಒಬ್ಬ ಕಾರಿನ ಬ್ರೇಕು, ಟೈರು ನೋಡಿ “ಖಲಾಸ್, ಸಬ್ ಠೀಕ್” ಎಂದ. ಎರಡು ಕಡೆಯಿಂದ ಒತ್ತರಿಸಿ ನಿಂತ ಬೆಟ್ಟಗಳ ನಡುವೆ ಸಂಜೆಯ ಬಿಸಿಲು ಬೇಗ ಹೋಗಿಬಿಡುತ್ತದೆ.

ಶುಕ್ರವಾರ ತಿಂಡಿ ಮುಗಿಸಿ ಹೊರಟೆವು. ಸೂರ್ ಕಡಲ ತೀರದ ಹಳೆಯ ಊರು, ಮಸ್ಕತ್ತಿನಿಂದ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ರಸ್ತೆ ಬೆಟ್ಟ ಕಡಿದು ಮಾಡಿದ್ದು. ಹಸಿರೆಂದರೆ ಕೆಲವು ಮುಳ್ಳುಮರ, ಅವುಗಳ ಕೆಳಗೆ ಆಡು. ಖುರಿಯಾತ್ ಎಂಬ ಮೀನುಗಾರರ ಊರು ಬರುವವರೆಗೆ ಅದರ ಹೆಸರು ಫಲಕಗಳಲ್ಲಿ ಎರಡು ಮೂರು ರೂಪ ತಾಳಿತು. ಅನಘಾ ಹಿಂದಿನ ಸೀಟಿನಿಂದ ಫೋಟೋ ತೆಗೆಯುತ್ತಿದ್ದಳು.

“ಏನ್ ತೆಗೀತಿದೀಯಾ?” ಎಂದೆ.

“ಬೋರ್ಡ್ಸ್. ದೇ ಆರ್ ಆಲ್ ಡಿಫರೆಂಟ್. ಯಾರೂ ಅವರಿಗೆ ಬೈಯಲ್ಲ.”

ಗಿರೀಶ ಕನ್ನಡಿಯಲ್ಲಿ ಅವಳನ್ನು ನೋಡಿದ.

ಖುರಿಯಾತ್‌ನಲ್ಲಿ ಚಹಾಕ್ಕೆ ನಿಂತೆವು. ಇಲ್ಲಿ ಸಣ್ಣ ಹೋಟೆಲುಗಳಿಗೆಲ್ಲ ಕಾಫಿ ಶಾಪ್ ಎಂದೇ ಹೆಸರು. ಒಳಗೆ ಹೋಗಬೇಕಾಗಿಲ್ಲ. ಮುಂದೆ ಕಾರು ನಿಲ್ಲಿಸಿ ಹಾರ್ನ್ ಹಾಕಿದರೆ ಯಾರಾದರೂ ಬಂದು ಏನು ಬೇಕೆಂದು ಕೇಳುತ್ತಾರೆ. ಬಂದವನು ಮೂವತ್ತರ ಆಸುಪಾಸಿನವನು. ನಾವು ಒಳಗೆ ಮಾತಾಡುವುದು ಕೇಳಿ “ಕನ್ನಡದವರಾ?” ಎಂದ. ಅವನ ಹೆಸರು ಹನೀಫ್, ಊರು ಪುತ್ತೂರಿನ ಹತ್ತಿರ. ನಾಲ್ಕು ಕರಕ್ ಹೇಳಿದೆವು. ಕರಕ್ ಎಂದರೆ ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಹಾಲಿನ ಚಹಾ. ವಿದ್ಯಾ ಕಿಟಕಿಯಿಂದ ತಲೆ ಹೊರಹಾಕಿ, “ಹುಡುಗಿಗೆ ಒಂದು ತತ್ತಿ ಪರೋಟಾ ಮಾಡಿ ಕೊಡ್ರಿ” ಎಂದಳು.

ಹನೀಫ್ ಅರ್ಥವಾಗದೆ ನಿಂತ. “ಎಂತ ಪರೋಟಾ ಮೇಡಂ?”

“ತತ್ತಿರಿ, ತತ್ತಿ.”

“ಹಿಂದಿ ಬೇಡ ಮೇಡಂ. ಕನ್ನಡದಲ್ಲೇ ಹೇಳಿ, ನನಗೆ ಗೊತ್ತಾಗ್ತದೆ.”

ವಿದ್ಯಾಳ ಮುಖ ಕೆಂಪಾಯಿತು. “ಇದ ಕನ್ನಡಾರೀ. ನಾ ಹುಟ್ಟಿದಾಗಿಂದ ಇದನ್ನ ಮಾತಾಡ್ತೀನಿ.”

“ಮೊಟ್ಟೆ ಕೇಳ್ತಿದಾಳೆ” ಎಂದ ಗಿರೀಶ.

“ಮೊಟ್ಟೆಯಾ? ಹಾಗೆ ಹೇಳಿ ಮತ್ತೆ. ಈಗ ತರ್ತೇನೆ” ಎಂದು ಹನೀಫ್ ಒಳಗೆ ಹೋದ. ಅನಘಾ ಹಿಂದಿನ ಸೀಟಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ವಿದ್ಯಾಳಿಗೂ ನಗು ಬಂತು.

ನಾನು ಮಾತ್ರ ಬೆರಗಾಗಿ ಕೂತಿದ್ದೆ. ಇದೇ ಜಗಳವನ್ನು, ಇದೇ ಪದದ ಮೇಲಿನ ಜಗಳವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಾರು ಮತ್ತೆ ಹೆದ್ದಾರಿಗೆ ಬಂದ ಮೇಲೆ ಅವರಿಗೂ ಹೇಳಿದೆ.

ಐನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದವನು ಒಬ್ಬ ಬಟ್ಟೆ ವ್ಯಾಪಾರಿ. ಬಹಳ ವರ್ಷ ಸಮುದ್ರದಾಚೆ, ಈಗಿನ ಬೆಲ್ಜಿಯಂ ಕಡೆ ಇದ್ದು ಬಂದಿದ್ದ. ಅವನೇ ಬರೆದಿಟ್ಟ ಪ್ರಸಂಗ ಇದು. ಕೆಲವು ವ್ಯಾಪಾರಿಗಳು ಹಡಗಿನಲ್ಲಿ ಹೊರಟವರು ಗಾಳಿ ಬೀಸದೆ ದಡದಲ್ಲೇ ಉಳಿಯಬೇಕಾಯಿತು. ಒಬ್ಬ ಊರೊಳಗೆ ಹೋಗಿ ಒಂದು ಮನೆಯಲ್ಲಿ ತಿನ್ನಲು ಎಗ್ಸ್ ಇದೆಯೇ ಎಂದು ಕೇಳಿದ. ಆ ಮನೆಯಾಕೆ, ನನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೆ ಸಿಟ್ಟು ಬಂತು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಕೇಳಿದ್ದು ಇಂಗ್ಲಿಷಿನಲ್ಲೇ. ಜೊತೆಗಿದ್ದವನೊಬ್ಬ ಆ ಸೀಮೆಯ ಪದ ಹಾಕಿ ‘ಎಯ್ರೆನ್’ ಬೇಕಂತೆ ಎಂದ. ಆಗ ಅವಳಿಗೆ ತಿಳಿಯಿತು. ಎರಡೂ ಮೊಟ್ಟೆಯೇ. ಒಂದು ಉತ್ತರದ ಕಡೆಯ ಪದ, ಇನ್ನೊಂದು ದಕ್ಷಿಣದ್ದು. ಅಚ್ಚು ಮಾಡುವವನಿಗೆ ಪೇಚಾಟಕ್ಕಿಟ್ಟುಕೊಂಡಿತು. ಬಾಯಲ್ಲಾದರೆ ಎದುರಿಗಿದ್ದವರನ್ನು ನೋಡಿ ಪದ ಬದಲಾಯಿಸಬಹುದು. ಒಂದೇ ಪುಸ್ತಕದ ನೂರಾರು ಪ್ರತಿ ತೆಗೆಯುವವನು ಯಾವ ಪದ ಹಾಕಬೇಕು?

“ಯಾವ್ದು ಹಾಕಿದ?” ಅನಘಾ ಮುಂದಕ್ಕೆ ಬಾಗಿದಳು.

“ಅವನೂ ಅವನ ನಂತರದವರೂ ಬಹುಮಟ್ಟಿಗೆ ಲಂಡನ್ನಿನಲ್ಲಿ ನಡೆಯೋ ಮಾತನ್ನ ಹಿಡಿದರು. ಯಂತ್ರ ಇದ್ದದ್ದು ಅಲ್ಲಿ, ಕೊಳ್ಳೋರು ಇದ್ದದ್ದೂ ಅಲ್ಲಿ. ಅಚ್ಚೊಂದೇ ಕಾರಣ ಅಲ್ಲ. ಆದ್ರೂ ಅಚ್ಚಾದ ಪದ ಎಲ್ಲ ಕಡೆ ಹೋಯ್ತು. ಎಗ್ ಉಳೀತು, ಎಯ್ರೆನ್ ಹೋಯ್ತು.”

“ಅಂದ್ರ ನಮ್ಮ ತತ್ತಿ ಹೋದಂಗ” ಎಂದಳು ವಿದ್ಯಾ. “ಟೆಕ್ಸ್ಟ್ ಬುಕ್ಕಿನ್ಯಾಗ ಮೊಟ್ಟೀನ ಬರೀತಾರ. ನಾ ಸಾಲಿಗೆ ಹೋಗೂಮುಂದನೂ ಹಂಗ ಇತ್ತು. ಮನ್ಯಾಗ ತತ್ತಿ, ಸಾಲ್ಯಾಗ ಮೊಟ್ಟಿ.”

ಮುಂದೆ ಸಮುದ್ರ ಎಡಕ್ಕೆ ಕಾಣಿಸಿಕೊಂಡು ಸೂರ್‌ವರೆಗೂ ಜೊತೆಗೇ ಬಂತು. ಶುಕ್ರವಾರದ ನಮಾಜಿನ ಹೊತ್ತಾದ್ದರಿಂದ ಊರು ತಲುಪಿದಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಹೋಟೆಲಿನ ಕೋಣೆ ಸಣ್ಣದು, ಚೊಕ್ಕಟವಾಗಿತ್ತು. ಊಟಕ್ಕೆ ಅನ್ನ, ದಾಲ್, ಸುಟ್ಟ ಮೀನು. ಮಧ್ಯಾಹ್ನದ ಮೇಲೆ ಹಾಯಿಹಡಗು ಕಟ್ಟುವ ಅಂಗಳಕ್ಕೆ ಹೋದೆವು. ಅರ್ಧ ಮುಗಿದ ಹಡಗೊಂದು ಮರದ ಆಸರೆಗಳ ಮೇಲೆ ನಿಂತಿತ್ತು. ಒಳಗಿನ ಅಡ್ಡಪಟ್ಟಿಗಳು ಎಲುಬಿನಂತೆ ಕಾಣುತ್ತಿದ್ದವು. ಇದರ ತೇಗ ನಿಮ್ಮ ದೇಶದಿಂದಲೇ ಬರುತ್ತದೆ ಎಂದು ಬಾಗಿಲಲ್ಲಿದ್ದ ಒಮಾನಿ ಮುದುಕ ಹಿಂದಿಯಲ್ಲಿ ಹೇಳಿ, ಗಿರೀಶನ ಬೆನ್ನು ತಟ್ಟಿದ.

ಸಂಜೆ ಸಮುದ್ರದ ಪಕ್ಕದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಗಿರೀಶ ಮಾತು ತೆಗೆದ. ಮಗಳು ಆಗಷ್ಟೇ ಸೀಗಲ್ ಹಕ್ಕಿಗಳಿಗೆ ಬ್ರೆಡ್ ಚೂರು ಎಸೆದು ಬಂದು ಕೂತಿದ್ದಳು.

“ಅನು, ಮುಂದಿನ ವಾರ ಅತ್ತೆ ಜೊತೆ ಮೈಸೂರಿಗೆ ಹೋಗ್ತೀಯ. ಅಲ್ಲೇ ಸ್ಕೂಲು. ಹತ್ತನೇ ಕ್ಲಾಸ್ ಮುಗಿಯೋವರೆಗೂ.”

“ವೆಕೇಶನ್ನಿಗಾ?”

“ಅಲ್ಲ. ಅಲ್ಲೇ ಇರೋದು. ಟಿಕೆಟ್ ಆಗಿದೆ.”

ಅವಳು ಮೊದಲು ಅಪ್ಪನನ್ನು ನೋಡಿದಳು. ಆಮೇಲೆ ಅಮ್ಮನನ್ನು. ಕೊನೆಗೆ ನನ್ನನ್ನು. “ಓಕೆ” ಎಂದು ಎದ್ದು ಸೇತುವೆಯ ಕಡೆಗೆ ನಡೆದಳು. ಗಿರೀಶ ಏಳಹೋದ. ವಿದ್ಯಾ ಅವನ ತೋಳು ಹಿಡಿದು ಕೂರಿಸಿ ನನ್ನತ್ತ ನೋಡಿದಳು. ನಾನು ಹಿಂದೆ ಹೋದೆ.

ಸೂರ್‌ನ ನಡುವೆ ಸಮುದ್ರದ ಹಿನ್ನೀರು ಒಳಗೆ ಬಂದಿದೆ. ಅದರ ಮೇಲಿನ ತೂಗುಸೇತುವೆಯ ಆಚೆ ಬಿಳಿ ಮನೆಗಳ ಹಳೆಯ ಕೇರಿ, ತುದಿಯಲ್ಲಿ ದೀಪಸ್ತಂಭ. ಅನಘಾ ಸೇತುವೆಯ ನಡುವೆ ಕಂಬಿ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ನಾನು ಪಕ್ಕ ನಿಂತೆ. ಕೆಳಗೆ ದೋಣಿಗಳು ಹಿಂದಿರುಗುತ್ತಿದ್ದವು.

“ಈ ನೀರಿಗೆ ಏನಂತಾರೆ?” ಎಂದು ಕೇಳಿದೆ, ಬೇರೆ ಮಾತು ತೋಚದೆ.

“ಖೋರ್” ಎಂದಳು. ಅವಳು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಾಳೆ. ಆ ಖಕಾರ ಗಂಟಲಿನ ಆಳದಿಂದ ಉಜ್ಜಿಕೊಂಡು ಬಂತು. ನಾನು ಹೇಳಲು ಹೋದರೆ ಬರಲಿಲ್ಲ.

ಆಮೇಲೆ ಅವಳೇ ಹೇಳಿದಳು. ನವೆಂಬರಿನಲ್ಲಿ ಅವಳ ಪ್ರಬಂಧವನ್ನು ಟೀಚರ್ ತರಗತಿಯ ದೊಡ್ಡ ಪರದೆಯ ಮೇಲೆ ಹಾಕಿ ತಪ್ಪುಗಳನ್ನು ಹುಡುಕಲು ಎಲ್ಲರಿಗೂ ಹೇಳಿದ್ದರು. ಹೆಸರು ಮುಚ್ಚಿದ್ದರು. ಆದರೂ ಯಾರದೆಂದು ಎಲ್ಲರಿಗೂ ಗೊತ್ತಾಯಿತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗಿ ಪರದೆಯ ಮೇಲೆ ಸುತ್ತು ಹಾಕಿದರು.

“ಅದಾದ್ಮೇಲೆ ನಾನು ಗೊತ್ತಿರೋ ವರ್ಡ್ಸ್ ಅಷ್ಟೇ ಬರೀತೀನಿ ಅತ್ತೆ. ಮನಸ್ಸಲ್ಲಿ ದೊಡ್ಡದು ಇರುತ್ತೆ. ಸ್ಪೆಲಿಂಗ್ ಬರಲ್ಲ ಅಂತ ಚಿಕ್ಕದು ಹಾಕ್ತೀನಿ. ಬ್ಯೂಟಿಫುಲ್ ಅನ್ಬೇಕಾದ್ರೆ ಗುಡ್ ಅಂತ ಬರೀತೀನಿ. ಎಲ್ಲಾನೂ ಗುಡ್.”

ಪತ್ರಿಕೆಗಳಲ್ಲಿ ನಾನು ಕಂಡದ್ದಕ್ಕೆ ಕಾರಣ ಅದಾಗಿತ್ತು. ಸಮಾಧಾನದ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ.

“ಈಗ ಖೋರ್ ಅಂದೆಯಲ್ಲ, ಆ ಖ ಹಾಕಿ ನಿಖ್ತ್ ಅನ್ನು.”

“ನಿಖ್ತ್.”

“ನೈಟ್ ಪದವನ್ನ ಇಂಗ್ಲೆಂಡಿನ ಜನ ಹಿಂದೆ ಸುಮಾರು ಹಾಗೇ ಹೇಳ್ತಿದ್ರು. ಜಿ, ಎಚ್ ಎರಡೂ ಸೇರಿ ಆ ಸದ್ದು. ಅಚ್ಚಿನವರು ಅಕ್ಷರದ ಮೊಳೆ ಜೋಡಿಸೋವಾಗ ಹಳೇ ಬರಹ ನೋಡಿ ಹಾಗೇ ಜೋಡಿಸಿದ್ರು. ಪುಸ್ತಕ ಊರೂರಿಗೆ ಹೋಯ್ತು. ಅದೇ ಕಾಲಕ್ಕೆ ಜನರ ಬಾಯಿಂದ ಆ ಸದ್ದು ಬಿದ್ದುಹೋಯ್ತು, ಸ್ವರಗಳೂ ಬದಲಾದವು. ಪುಸ್ತಕ ಬದಲಾಗಲಿಲ್ಲ. ನೀನು ಕೇಳಿಸಿದ್ದನ್ನ ಬರೀತೀಯ. ಪುಸ್ತಕ ಅಂದು ಕೇಳಿಸುತ್ತಿದ್ದದ್ದನ್ನ ಇನ್ನೂ ಇಟ್ಟುಕೊಂಡಿದೆ.”

ಅವಳು ಇನ್ನೊಮ್ಮೆ ನಿಖ್ತ್ ಎಂದಳು. “ಗೋಸ್ಟ್‌ನಲ್ಲಿ ಎಚ್? ಅದನ್ನೂ ಹೇಳ್ತಿದ್ರಾ?”

“ಇಲ್ಲ. ಆ ಮುದ್ರಕನ ಅಂಗಡಿಯಲ್ಲಿ ಮೊಳೆ ಜೋಡಿಸೋರು ಕೆಲವರು ಸಮುದ್ರದ ಆಚೆಯವರು. ಅವರ ಭಾಷೆಯಲ್ಲಿ ಆ ಪದಕ್ಕೆ ಎಚ್ ಇತ್ತು. ಕೈ ಅಭ್ಯಾಸದಿಂದ ಹಾಕಿರಬೇಕು ಅಂತ ಹೇಳ್ತಾರೆ.”

“ಅಂದ್ರೆ ಅದು ಸ್ಪೆಲಿಂಗ್ ಮಿಸ್ಟೇಕ್.”

“ಹಾಗೂ ಅನ್ನಬಹುದು.”

“ಅವ್ರು ಮಾಡಿದ್ರೆ ಎಲ್ಲರೂ ಕಲೀಬೇಕು. ನಾನು ಮಾಡಿದ್ರೆ ಊರು ಬಿಡಬೇಕು.” ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. “ಇದನ್ನೆಲ್ಲ ಯಾರು ಡಿಸೈಡ್ ಮಾಡಿದ್ದು?”

“ಯಾರೂ ಕೂತು ನಿರ್ಧಾರ ಮಾಡಲಿಲ್ಲ. ಕೆಲಸ ಬೇಗ ಆಗಬೇಕಿತ್ತು, ಮಾಡಿದ್ರು. ಆಮೇಲೆ ಅದೇ ಸರಿ ಅಂತ ಆಯ್ತು.” ಅದನ್ನು ಅಲ್ಲಿಗೆ ಬಿಡುವುದು ಸರಿಯಲ್ಲವೆನಿಸಿತು. “ಹಾಗಂತ ಬೇಕಾದ ಹಾಗೆ ಬರೀಬಹುದು ಅಂತ ಅಲ್ಲ. ಪರೀಕ್ಷೆಯಲ್ಲಿ ತಪ್ಪು ತಪ್ಪೇ. ಕಲೀಲೇಬೇಕು. ಆದ್ರೆ ಅದು ಬರದೇ ಇರೋದಕ್ಕೆ ನೀನು ದಡ್ಡಿ ಅಂತ ಅರ್ಥ ಇಲ್ಲ.”

“ಅದನ್ನ ಇಲ್ಲೇ ಕಲೀಬಹುದಲ್ವಾ ಅತ್ತೆ?”

ನನಗೆ ಮಹಡಿಯ ಕೋಣೆ ನೆನಪಾಯಿತು. ದೀಪಸ್ತಂಭದ ಬೆಳಕು ಹೊತ್ತಿಕೊಳ್ಳುವುದನ್ನು ನೋಡಿ ಇಬ್ಬರೂ ಹಿಂದಿರುಗಿದೆವು.

ಶನಿವಾರ ವಾಪಸು ಹೊರಟೆವು. ವಾದಿ ಶಾಬ್‌ನಲ್ಲಿ ಸ್ವಲ್ಪ ಹೊತ್ತು ನಿಂತೆವು. ಹೆದ್ದಾರಿಯ ಸೇತುವೆಯ ಕೆಳಗೇ ಸಣ್ಣ ದೋಣಿಯಲ್ಲಿ ನೀರು ದಾಟಿಸುತ್ತಾರೆ. ಅಲ್ಲಿಂದ ಕಮರಿಯೊಳಗೆ ನಡೆಯಬೇಕು. ನನ್ನ ಮಂಡಿಗೆ ಆಗದೆಂದು ದಡದಲ್ಲೇ ಖರ್ಜೂರದ ಮರಗಳನ್ನು ನೋಡಿ ಬಂದೆವು. ಇನ್ನೂ ಮುಂದೆ ಬಿಮ್ಮಾ ಎಂಬಲ್ಲಿ ನೆಲ ಕುಸಿದು ಆದ ದೊಡ್ಡ ಗುಂಡಿ ಇದೆ. ಕೆಳಗಿಳಿಯಲು ಮೆಟ್ಟಿಲು, ತಳದಲ್ಲಿ ಹಸಿರು ಮಿಶ್ರಿತ ನೀಲಿ ನೀರು. ಅನಘಾ ಇಳಿದು ಹೋಗಿ ನೀರಿಗೆ ಧುಮುಕಿದಳು. ನಾವು ಮೂವರೂ ಮೇಲಿನ ಕಲ್ಲು ಬೆಂಚಿನ ಮೇಲೆ ಕೂತೆವು.

“ಅಕ್ಕ, ನಿನ್ನೆಯಿಂದ ಅವಳು ನನ್ನ ಜೊತೆ ಮಾತೇ ಆಡಿಲ್ಲ. ಸ್ಪೆಲಿಂಗ್ ಎಲ್ಲ ಅಚ್ಚಿನವರ ತಪ್ಪು ಅಂತ ನೀನು ಹೇಳಿಕೊಟ್ಟೆ ಅಂತ ಅಮ್ಮನ ಹತ್ರ ಹೇಳಿದಾಳೆ. ಅವಳಿಗೆ ಬೇಕಾಗಿದ್ದೂ ಅದೇ” ಎಂದ ಗಿರೀಶ.

ನಾನು ಉತ್ತರ ಕೊಡುವ ಮೊದಲೇ ವಿದ್ಯಾ ಮಾತಾಡಿದಳು. ನಾನು ಬಂದಾಗಿನಿಂದ ಈ ವಿಷಯದಲ್ಲಿ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

“ಅಕ್ಕಾರಿಗೆ ಯಾಕ ಅಂತೀರಿ? ಟಿಕೀಟ ತಗಸೂಮುಂದ ನನ್ನ ಕೇಳಿದ್ರೇನು? ಆಕೀನರ ಕೇಳಿದ್ರೇನು? ನಿಮ್ಮ ಹೆಸರು ಇಲ್ಲಿ ಕಾಗದದಾಗ ಮೂರು ನಮೂನಿ ಐತಿ. ಒಂದರಾಗ ಗಿರೀಶ, ಒಂದರಾಗ ಜಿರೀಶ, ಬ್ಯಾಂಕಿನ್ಯಾಗ ಇನ್ನೊಂದು. ಹಂಗಂತ ನಿಮ್ಮನ್ನ ಯಾರರ ಊರಿಗೆ ಹೊಳ್ಳಿ ಕಳಿಸ್ಯಾರೇನು?”

ಗಿರೀಶ ನನ್ನ ಕಡೆ ನೋಡಿದ. ನಾನು ನೀರಿನ ಕಡೆ ನೋಡಿದೆ.

“ನಾ ಮದಿವ್ಯಾಗಿ ಮೈಸೂರಿಗೆ ಬಂದಾಗ ನಾ ಬಾಯಿ ತಗದ್ರ ನಿಮ್ಮ ಮಂದಿ ನಗತಿದ್ರು” ಎಂದು ವಿದ್ಯಾ ನಿಧಾನವಾಗಿ ಮುಂದುವರಿಸಿದಳು. “ಆರು ತಿಂಗಳ ನಾ ಮಾತ ಆಡಿಲ್ಲ, ಎಲ್ಲಾರೂ ಹೊಸಾ ಸೊಸಿ ಭಾಳ ಶಾಂತ ಅಂದ್ರು. ಈಕೀದೂ ಹಂಗ ಆಗೂದು ಬ್ಯಾಡ. ಮಗಳು ನನ್ನ ಕಡೇನ ಇರಲಿ. ಅಕ್ಕಾರ, ನೀವು ತಪ್ಪು ತಿಳೀಬ್ಯಾಡ್ರಿ.”

ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ. ಆ ನಗುವವರಲ್ಲಿ ನಾನಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ; ಅವಳಿಗೆ ನೆನಪಿರಬೇಕು, ಹೇಳಲಿಲ್ಲ. “ವಿದ್ಯಾ ಹೇಳೋದು ಸರಿಯಾಗಿದೆ ಗಿರೀಶ. ಟಿಕೆಟ್ ವಾಪಸ್ ಮಾಡು. ಅವಳಿಗೆ ಏನು ತೊಡಕು ಅಂತ ಮೊದಲು ಗೊತ್ತಿರೋರಿಗೆ ತೋರಿಸೋಣ” ಎಂದೆ. ಎರಡು ವರ್ಷ ಮನೆಯಲ್ಲಿ ಇನ್ನೊಬ್ಬರ ಓಡಾಟ ಇರುತ್ತದೆಂದು ನಾನು ಬಹಳ ಆಸೆ ಇಟ್ಟುಕೊಂಡಿದ್ದೆ. ಅದನ್ನು ಅಲ್ಲಿ ಹೇಳುವುದು ಸರಿಯಾಗುತ್ತಿರಲಿಲ್ಲ.

ಗಿರೀಶ ಎದ್ದು, ಬೂಟು ಕಳಚಿ, ಪ್ಯಾಂಟು ಮಡಚಿಕೊಂಡು ಮೆಟ್ಟಿಲಿಳಿದು ಹೋದ. ನೀರಿನ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಅಲ್ಲಿನ ಸಣ್ಣ ಮೀನುಗಳು ಕಾಲಿಗೆ ಮುತ್ತುತ್ತವೆ. ಅನಘಾ ಈ ದಡಕ್ಕೆ ಈಜಿ ಬಂದಳು. ಇಬ್ಬರೂ ಏನು ಮಾತಾಡಿದರೋ ಮೇಲಿದ್ದ ನಮಗೆ ಕೇಳಿಸಲಿಲ್ಲ. ಹತ್ತಿ ಬಂದಾಗ ಅವಳ ಟವೆಲು ಅಪ್ಪನ ಹೆಗಲ ಮೇಲಿತ್ತು.

ಒಮಾನಿನಲ್ಲಿ ಕೆಲಸದ ವಾರ ಭಾನುವಾರಕ್ಕೇ ಶುರು. ಆವತ್ತು ವಿದ್ಯಾಳ ಜೊತೆ ಶಾಲೆಗೆ ಹೋದೆ. ಟೀಚರ್ ಕೇರಳದವರು, ದಣಿದಂತೆ ಕಾಣುವ ಹೆಂಗಸು. ನಾನೂ ಅದೇ ವೃತ್ತಿಯವಳೆಂದು ತಿಳಿದ ಮೇಲೆ ಮಾತು ಸಲೀಸಾಯಿತು. ಅನಘಾ ಸಣ್ಣ ಪದಗಳನ್ನೇ ಬರೆಯುತ್ತಿರುವುದನ್ನು ಅವರೂ ಗಮನಿಸಿದ್ದರು, ಸೋಮಾರಿತನ ಎಂದುಕೊಂಡಿದ್ದರಂತೆ. ಪರದೆಯ ಪ್ರಸಂಗ ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರದ್ದನ್ನೂ ಸರದಿಯಂತೆ ಹಾಕುತ್ತಿದ್ದೆ, ಅವಳದು ಹಾಕಬಾರದಿತ್ತು ಎಂದರು. ಕಲಿಕೆಯ ತೊಡಕುಗಳನ್ನು ಪರೀಕ್ಷೆ ಮಾಡುವ ತಜ್ಞರೊಬ್ಬರ ವಿಳಾಸವನ್ನೂ ಅವರೇ ಕೊಟ್ಟರು.

ಆ ತಜ್ಞೆಯ ಕ್ಲಿನಿಕ್ ಖುರುಮ್‌ನಲ್ಲಿ. ಎರಡು ದಿನ ಬರಹೇಳಿ ಓದಿಸಿ, ಬರೆಸಿ, ಚಿತ್ರ ಜೋಡಿಸಲು ಕೊಟ್ಟು ನೋಡಿದರು. ಡಿಸ್ಲೆಕ್ಸಿಯಾ ಎಂದರು: ಬುದ್ಧಿಗೆ ಕೊರತೆಯಿಲ್ಲ, ಸದ್ದನ್ನೂ ಅಕ್ಷರವನ್ನೂ ಹೊಂದಿಸುವ ದಾರಿಯಲ್ಲಿ ತೊಡಕು. ಪೂರ್ತಿ ಹೋಗುವಂಥದ್ದಲ್ಲ, ಅಭ್ಯಾಸದಿಂದ ಬಹಳ ಮಟ್ಟಿಗೆ ಸುಧಾರಿಸುತ್ತದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಿಕೊಳ್ಳಬಹುದು. ಗಿರೀಶ ಅರ್ಧ ದಿನ ರಜೆ ಹಾಕಿ ಬಂದಿದ್ದ. ಹೊರಗೆ ಬಂದ ಮೇಲೆ ಕಾರಿನ ಬಾಗಿಲು ತೆಗೆಯದೆ ಹಾಗೇ ನಿಂತ. “ಅಷ್ಟು ಸಲ ಬೈದಿದೀನಿ ಅಕ್ಕ” ಎಂದ. ಅನಘಾ ಬಿಸಿಲಾಗುತ್ತಿದೆ, ಬಾಗಿಲು ತೆಗಿ ಎಂದಳು.

ಹೊರಡುವ ಹಿಂದಿನ ದಿನ ಅವಳು ನನಗೊಂದು ಬರಹ ತಂದು ಕೊಟ್ಟಳು. ಸೂರ್ ಪ್ರವಾಸದ ಬಗ್ಗೆ, ಎರಡೂವರೆ ಪುಟ. ಅಷ್ಟೊಂದು ತಪ್ಪುಗಳಿರುವ ಬರಹವನ್ನು ನಾನು ಈಚೆಗೆ ಓದಿರಲಿಲ್ಲ. ಮ್ಯಾಗ್ನಿಫಿಸೆಂಟ್, ಟರ್ಕಾಯ್ಸ್, ಹಾರಿಜಾನ್ ಎಲ್ಲವೂ ಇದ್ದವು, ಒಂದೂ ಸರಿಯಾದ ಸ್ಪೆಲಿಂಗಿನಲ್ಲಿರಲಿಲ್ಲ. ಗುಡ್ ಎಂಬ ಪದ ಎಲ್ಲೂ ಇರಲಿಲ್ಲ. ಎರಡು ಸಲ ಓದಿದೆ. ಆಮೇಲೆ ಇಬ್ಬರೂ ಕೂತು ಒಂದೊಂದೇ ಪದ ತಿದ್ದಿದೆವು. ವಿದ್ಯಾ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು.

ವಿಮಾನ ಸಂಜೆಯದು. ಮೂವರೂ ಬಿಡಲು ಬಂದಿದ್ದರು. ಒಳಗೆ ಹೋಗುವ ಬಾಗಿಲ ಬಳಿ ಅನಘಾ ನನ್ನ ಕೈಚೀಲ ಹಿಡಿದುಕೊಂಡು, “ಅತ್ತೆ, ನೀವೇ ಇಲ್ಲಿಗೆ ಬಂದುಬಿಡಿ” ಎಂದಳು.

“ರಿಟೈರ್ ಆಗಲಿ, ನೋಡೋಣ.”

“ಯಾವಾಗ ಆಗ್ತೀರಾ?”

ಹೇಳಿದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ, “ಅಷ್ಟೊತ್ತಿಗೆ ನಾನು ಕಾಲೇಜಲ್ಲಿರ್ತೀನಿ. ಆದ್ರೂ ಬನ್ನಿ” ಎಂದಳು. ವಿದ್ಯಾ ಚಟ್ನಿಪುಡಿಯ ಪೊಟ್ಟಣವನ್ನು ಇನ್ನೊಂದು ಚೀಲದೊಳಗೆ ಸೇರಿಸಿ, “ಮುಟ್ಟಿದ ಕೂಡ್ಲೇ ಫೋನ್ ಮಾಡ್ರಿ” ಎಂದಳು.

ಬಾಗಿಲು ದಾಟಿ ಸಾಲಿನಲ್ಲಿ ನಿಂತ ಮೇಲೆ ತಿರುಗಿ ನೋಡಿದೆ. ಗಾಜಿನ ಆಚೆ ಅವರು ಇನ್ನೂ ನಿಂತಿದ್ದರು. ವಿದ್ಯಾ ಕಣ್ಣಿಗೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದಿದ್ದಳು. ಅನಘಾ ಅಪ್ಪನಿಗೆ ಏನನ್ನೋ ವಿವರಿಸುತ್ತಿದ್ದಳು. ಎರಡೂ ಕೈ ಆಡುತ್ತಿದ್ದವು, ಬಾಯಿ ಬಿಡುವಿಲ್ಲದೆ ಓಡುತ್ತಿತ್ತು. ಗಿರೀಶ ತಲೆ ಬಗ್ಗಿಸಿ ಕೇಳುತ್ತಿದ್ದ. ಯಾವ ಭಾಷೆಯಲ್ಲಿ ಹೇಳುತ್ತಿದ್ದಳೋ ಗಾಜಿನ ಈಚೆಗೆ ತಿಳಿಯಲಿಲ್ಲ. ಸಾಲು ಮುಂದೆ ಸರಿಯಿತು, ನಾನೂ ಸರಿದೆ.